ಬಸ್ಸು ಓಡಿಸುವ ದುಡ್ಡು ಯಾರ ಜೇಬಿನಿಂದ?

ಎಲ್ಲರಿಗೂ ನಮಸ್ಕಾರ.

ನಗರಸಭೆ, ತೆರಿಗೆ, ಸಾರಿಗೆ ಅನುದಾನ, ಹವಾಮಾನ. ಆಹ್ವಾನ ಪತ್ರದಲ್ಲಿ ಈ ನಾಲ್ಕು ಪದ ನೋಡಿಯೂ ನೀವು ಬಂದಿದ್ದೀರಿ ಅಂದರೆ ನಿಮ್ಮ ತಾಳ್ಮೆ ದೊಡ್ಡದು. ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇನೆ.

2016ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಮಹಾನಗರದ ಡೇರ್‌ಬಿನ್ ಎಂಬ ಸ್ಥಳೀಯ ಕೌನ್ಸಿಲ್ ‘ಹವಾಮಾನ ತುರ್ತು ಪರಿಸ್ಥಿತಿ’ ಎಂದು ಠರಾವು ಮಾಡಿತು. ಜಗತ್ತಿನಲ್ಲೇ ಮೊದಲು. 2018ರ ನವೆಂಬರ್‌ನಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ನಗರ ಅದೇ ಹಾದಿ ಹಿಡಿಯಿತು. 2030ರ ಹೊತ್ತಿಗೆ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುತ್ತೇವೆ ಅಂದಿತು. ಆಮೇಲೆ ಒಬ್ಬರನ್ನು ನೋಡಿ ಇನ್ನೊಬ್ಬರು ಅನ್ನುವ ಹಾಗೆ ಸಾಲು ಸಾಲಾಗಿ ಸ್ಥಳೀಯ ಸಂಸ್ಥೆಗಳು ಠರಾವು ಮಾಡಿದವು. ಠರಾವಿಗೆ ಕೈ ಎತ್ತುವುದು ಸುಲಭ. ಅದಕ್ಕೆ ದುಡ್ಡು ಬೇಡ. ಅದೇ ಸದಸ್ಯರು ಬಜೆಟ್ ಸಭೆಗೆ ಕೂತಾಗ ರಾತ್ರಿಯ ಕೊನೇ ಬಸ್ಸು ನಿಲ್ಲಿಸುವ ಪ್ರಸ್ತಾಪಕ್ಕೂ ಅಷ್ಟೇ ಸಲೀಸಾಗಿ ಕೈ ಎತ್ತಬಹುದು.

ಹಾಗಾಗಿ ಒಂದು ನಗರಸಭೆ ಹವಾಮಾನದ ಬಗ್ಗೆ ಏನು ತೀರ್ಮಾನಿಸಿದೆ ಎಂದು ತಿಳಿಯಬೇಕಾದರೆ ನಾನು ಠರಾವಿನ ಪುಸ್ತಕ ತೆಗೆಯುವುದಿಲ್ಲ. ಬಜೆಟ್ ಪುಸ್ತಕ ತೆಗೆದು ಎರಡು ಸಾಲು ಹುಡುಕುತ್ತೇನೆ. ವರ್ಷವಿಡೀ ಬಸ್ಸು ಓಡಿಸಲು ಎಷ್ಟು ಇಟ್ಟಿದ್ದಾರೆ? ಆ ದುಡ್ಡು ಯಾರ ಜೇಬಿನಿಂದ ಬರುತ್ತಿದೆ? ಇವತ್ತಿನ ಮಾತೆಲ್ಲ ಈ ಎರಡು ಸಾಲಿನ ಸುತ್ತ.

ಸಾರಿಗೆಯೇ ಯಾಕೆ ಅಂತ ಕೇಳಬಹುದು. ಕಲ್ಲಿದ್ದಲು ಸ್ಥಾವರ ಮುಚ್ಚುವುದು ನಗರಸಭೆಯ ಕೈಯಲ್ಲಿಲ್ಲ. ಸಿಮೆಂಟ್ ಕಾರ್ಖಾನೆ, ವಿಮಾನ, ಹಡಗು ಯಾವುದೂ ಅದರ ಮಾತು ಕೇಳುವುದಿಲ್ಲ. ಆದರೆ ಬೀದಿ ಅದರದು. ಪಾರ್ಕಿಂಗ್ ಅದರದು. ಎಲ್ಲಿ ಮನೆ ಕಟ್ಟಬೇಕು, ಎಲ್ಲಿ ಅಂಗಡಿ ಬರಬೇಕು ಅನ್ನುವುದರಲ್ಲೂ ಅದಕ್ಕೆ ಮಾತಿದೆ. ಜನ ಕಾರು ತೆಗೆಯುತ್ತಾರೋ ಬಸ್ಸು ಹತ್ತುತ್ತಾರೋ ಅನ್ನುವುದು ಬಹುಮಟ್ಟಿಗೆ ಇಲ್ಲೇ ನಿರ್ಧಾರವಾಗುತ್ತದೆ.

ಈಗ ಒಂದು ಬಸ್ ಮಾರ್ಗದ ಲೆಕ್ಕ ಹಾಕೋಣ. ಪೆನ್ನು ಬೇಡ, ಬೆರಳು ಸಾಕು.

ಒಂದು ಬಸ್ಸು ಹೋಗಿ ಬರಲು ಅರವತ್ತು ನಿಮಿಷ ಹಿಡಿಯುತ್ತದೆ ಅನ್ನಿ. ಇಪ್ಪತ್ತು ನಿಮಿಷಕ್ಕೊಂದು ಬಸ್ಸು ಬೇಕಾದರೆ ಮೂರು ಬಸ್ಸು ಬೇಕು. ಹತ್ತು ನಿಮಿಷಕ್ಕೊಂದು ಬೇಕಾದರೆ ಆರು. ಖರ್ಚು ಡಬಲ್. ಬಸ್ಸಿನ ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್ ಅಂದುಕೊಂಡಿದ್ದರೆ ತಪ್ಪು. ಹೆಚ್ಚಿನ ಊರುಗಳಲ್ಲಿ ದೊಡ್ಡ ಪಾಲು ಸಿಬ್ಬಂದಿಯ ಸಂಬಳ. ಬೆಳಗಿನಿಂದ ರಾತ್ರಿವರೆಗೆ ಒಂದು ಬಸ್ಸು ರಸ್ತೆ ಮೇಲೆ ಇರಬೇಕಾದರೆ ಎರಡು ಪಾಳಿ ಚಾಲಕರು ಬೇಕು, ರಜೆಗೆ ಬದಲಿಯವರು ಬೇರೆ. ಈ ಸಂಬಳ ಪ್ರತಿ ತಿಂಗಳು ಕೊಡಬೇಕು. ಒಂದು ಸಲ ಕೊಟ್ಟು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಇದೇ ಮಾರ್ಗದಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಮಾಡಿಕೊಟ್ಟರೆ ಏನಾಗುತ್ತದೆ ನೋಡಿ. ಸಿಗ್ನಲ್‌ನಲ್ಲಿ, ಕಾರಿನ ಸಾಲಿನಲ್ಲಿ ಕಳೆಯುತ್ತಿದ್ದ ಹತ್ತು ನಿಮಿಷ ಉಳಿಯಿತು ಅನ್ನಿ. ಹೋಗಿ ಬರಲು ಈಗ ಐವತ್ತು ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ಸು ಕೊಡಲು ಆರರ ಬದಲು ಐದೇ ಸಾಕು. ಒಂದು ಬಸ್ಸು, ಎರಡು ಪಾಳಿ ಸಂಬಳ, ದಿನಾ ಉಳಿತಾಯ. ರಸ್ತೆಗೆ ಬಳಿದ ಬಣ್ಣದ ಖರ್ಚು ಇದರ ಮುಂದೆ ಏನೂ ಅಲ್ಲ. ಬಸ್ ಪಥ ಅಂದರೆ ಸಂಚಾರದ ವಿಷಯ ಅಂತ ಎಲ್ಲರೂ ಚರ್ಚೆ ಮಾಡುತ್ತಾರೆ. ನನ್ನನ್ನು ಕೇಳಿದರೆ ಅದು ಹಣಕಾಸು ಸಮಿತಿಯ ವಿಷಯ. ಆ ಸಮಿತಿಯಲ್ಲಿ ಅದು ಬರುವುದೇ ಇಲ್ಲ, ಅದೇ ತೊಂದರೆ.

ಈ ಲೆಕ್ಕ ಉಲ್ಟಾ ಕೂಡ ಓಡುತ್ತದೆ. ದುಡ್ಡಿಲ್ಲ ಅಂತ ಮೂರು ಬಸ್ಸಿನ ಮಾರ್ಗದಲ್ಲಿ ಒಂದನ್ನು ತೆಗೆದರೆ ಅರ್ಧ ಗಂಟೆಗೊಂದು ಬಸ್ಸು. ಸ್ವಂತ ವಾಹನ ಕೊಳ್ಳುವ ಶಕ್ತಿ ಇದ್ದವರು ಮೊದಲು ಬಿಟ್ಟು ಹೋಗುತ್ತಾರೆ. ಟಿಕೆಟ್ ದುಡ್ಡು ಕಮ್ಮಿಯಾಗುತ್ತದೆ. ಅವರ ವಾಹನದಿಂದ ರಸ್ತೆ ತುಂಬುತ್ತದೆ, ಉಳಿದ ಬಸ್ಸು ಇನ್ನೂ ನಿಧಾನ. ಮುಂದಿನ ವರ್ಷ ಅಧಿಕಾರಿ ಬಂದು, ‘ಈ ಮಾರ್ಗಕ್ಕೆ ಜನರೇ ಇಲ್ಲ, ನಿಲ್ಲಿಸೋಣ’ ಅನ್ನುತ್ತಾರೆ. ಅವರ ಅಂಕಿ ಅಂಶ ಸರಿಯಾಗಿಯೇ ಇರುತ್ತದೆ!

ಇಲ್ಲೇ ಇನ್ನೊಂದು ಮಾತು. ಮೇಲಿನ ಸರ್ಕಾರಗಳು ಅನುದಾನ ಕೊಡುವುದು ಬಂಡವಾಳಕ್ಕೆ. ಹೊಸ ಬಸ್ಸು ಕೊಳ್ಳಿ, ಸೇತುವೆ ಕಟ್ಟಿ, ಚಾರ್ಜಿಂಗ್ ಕೇಂದ್ರ ಹಾಕಿ. ರಿಬ್ಬನ್ ಕತ್ತರಿಸಲು ಏನಾದರೂ ಬೇಕಲ್ಲ. ಬೆಳಿಗ್ಗೆ ಐದೂವರೆಯ ಪಾಳಿಗೆ ಚಾಲಕರಿಗೆ ಸಂಬಳ ಕೊಡುವುದಕ್ಕೆ ಯಾರೂ ರಿಬ್ಬನ್ ಕಟ್ಟುವುದಿಲ್ಲ. ಹೀಗಾಗಿ ಎಲೆಕ್ಟ್ರಿಕ್ ಬಸ್ಸು ಡಿಪೋದಲ್ಲಿ ನಿಂತಿರುತ್ತದೆ, ಜನ ನಿಲ್ದಾಣದಲ್ಲಿ ನಿಂತಿರುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ.

ಎಲೆಕ್ಟ್ರಿಕ್ ಬಸ್ಸು ಬೇಡ ಅಂತ ನಾನು ಹೇಳುತ್ತಿಲ್ಲ. ಚೀನಾದ ಶೆನ್‌ಜೆನ್ 2017ರ ಕೊನೆಗೆ ತನ್ನ 16,000ಕ್ಕೂ ಹೆಚ್ಚು ಬಸ್ಸುಗಳನ್ನು ಪೂರ್ತಿ ಎಲೆಕ್ಟ್ರಿಕ್ ಮಾಡಿತು. ಸರ್ಕಾರದ ದೊಡ್ಡ ಸಬ್ಸಿಡಿ ಹಿಂದೆ ಇತ್ತು. ದೊಡ್ಡ ಕೆಲಸವೇ. ಆದರೆ ಬಸ್ಸಿನ ಹೊಗೆ ನಿಂತರೆ ಬಸ್ಸಿನ ಹೊಗೆ ಮಾತ್ರ ನಿಲ್ಲುತ್ತದೆ. ಪಕ್ಕದಲ್ಲಿ ಓಡುವ ಕಾರುಗಳ ಲೆಕ್ಕ ಹಾಗೇ ಇರುತ್ತದೆ. ಅದು ಇಳಿಯಬೇಕಾದರೆ ಬಸ್ಸು ಪದೇ ಪದೇ ಬರಬೇಕು.

ಸರಿ, ಓಡಿಸುವ ದುಡ್ಡು ಎಲ್ಲಿಂದ?

ಹೆಚ್ಚಿನ ಕಡೆ ಸ್ಥಳೀಯ ಸಂಸ್ಥೆಯ ಮುಖ್ಯ ಆದಾಯ ಆಸ್ತಿ ತೆರಿಗೆ. ಒಳ್ಳೆಯ ತೆರಿಗೆ, ಯಾಕಂದರೆ ಮನೆಯನ್ನು ಬಚ್ಚಿಡಲು ಆಗುವುದಿಲ್ಲ. ಆದರೆ ಮನೆಯ ಬೆಲೆ ಮರುಲೆಕ್ಕ ಹಾಕಲು ಯಾವ ರಾಜಕಾರಣಿಗೂ ಧೈರ್ಯ ಬರುವುದಿಲ್ಲ. ಇಂಗ್ಲೆಂಡಿನ ಉದಾಹರಣೆ ನೋಡಿ. ಅಲ್ಲಿನ ಕೌನ್ಸಿಲ್ ತೆರಿಗೆ ಇವತ್ತಿಗೂ 1991ರ ಏಪ್ರಿಲ್‌ನಲ್ಲಿ ಮನೆಗೆ ಎಷ್ಟು ಬೆಲೆ ಇತ್ತು ಅನ್ನುವುದರ ಮೇಲೆ ನಿಂತಿದೆ. ಮೂವತ್ತು ವರ್ಷದಲ್ಲಿ ಯಾವ ಬಡಾವಣೆ ಏರಿತು, ಯಾವುದು ಇಳಿಯಿತು ಅನ್ನುವುದು ಲೆಕ್ಕಕ್ಕಿಲ್ಲ. ಮನಸ್ಸಿಗೆ ಬಂದಷ್ಟು ಏರಿಸುವ ಹಾಗೂ ಇಲ್ಲ. ಒಂದು ಮಿತಿ ದಾಟಿದರೆ ಜನಮತ ಕೇಳಬೇಕು.

ಬಂದ ದುಡ್ಡು ಎಲ್ಲಿ ಹೋಗುತ್ತದೆ? ವೃದ್ಧರ ಆರೈಕೆ, ಮಕ್ಕಳ ರಕ್ಷಣೆ. ಇವು ಕಾನೂನು ಪ್ರಕಾರ ಮಾಡಲೇಬೇಕಾದ ಕೆಲಸ, ಮಾಡಬೇಕಾದದ್ದೇ. ಬಸ್ಸಿಗೆ ಅಂಥ ಕಟ್ಟಳೆ ಇಲ್ಲ. ಅದರ ಮೇಲೆ 1986ರಿಂದ ಲಂಡನ್ ಬಿಟ್ಟು ಉಳಿದ ಇಂಗ್ಲೆಂಡಿನಲ್ಲಿ ಬಸ್ಸನ್ನು ಮಾರುಕಟ್ಟೆಗೆ ಬಿಟ್ಟರು. ಲಾಭ ಬರುವ ಮಾರ್ಗವನ್ನು ಕಂಪನಿಗಳು ಇಟ್ಟುಕೊಂಡವು. ಲಾಭ ಇಲ್ಲದ ಮಾರ್ಗಕ್ಕೆ ಕೌನ್ಸಿಲ್ ದುಡ್ಡು ಕೊಡಬೇಕು, ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಅಲ್ಲಿಗೇ. 2023ರಲ್ಲಿ ಬರ್ಮಿಂಗ್‌ಹ್ಯಾಮ್, ಆಮೇಲೆ ನಾಟಿಂಗ್‌ಹ್ಯಾಮ್, ‘ಲೆಕ್ಕ ಸರಿದೂಗುತ್ತಿಲ್ಲ, ಅಗತ್ಯ ಬಿಟ್ಟು ಬೇರೆ ಹೊಸ ಖರ್ಚೆಲ್ಲ ನಿಲ್ಲಿಸಿದ್ದೇವೆ’ ಎಂದು ಅಧಿಕೃತ ನೋಟಿಸ್ ಹೊರಡಿಸಿದವು. ನಾವು ದಿವಾಳಿ ಅನ್ನುತ್ತೇವಲ್ಲ, ಹೆಚ್ಚುಕಮ್ಮಿ ಅದೇ.

ಈ ನಾಟಿಂಗ್‌ಹ್ಯಾಮ್‌ನದೇ ಇನ್ನೊಂದು ಕಥೆ ಇದೆ, ಸ್ವಲ್ಪ ಖುಷಿಯದು. 2012ರ ಏಪ್ರಿಲ್‌ನಲ್ಲಿ ಅಲ್ಲಿ ಕೆಲಸದ ಜಾಗದ ಪಾರ್ಕಿಂಗ್ ಮೇಲೆ ತೆರಿಗೆ ಶುರುವಾಯಿತು. ಹನ್ನೊಂದು ಅಥವಾ ಜಾಸ್ತಿ ಕಾರು ನಿಲ್ಲಿಸುವ ಜಾಗ ಸಿಬ್ಬಂದಿಗೆ ಕೊಟ್ಟಿರುವ ಮಾಲೀಕರು ವರ್ಷಕ್ಕೆ ಜಾಗವೊಂದಕ್ಕೆ 288 ಪೌಂಡ್ ಕಟ್ಟಬೇಕು. ಈಗ ಅದು 500 ದಾಟಿದೆ. ಸಣ್ಣ ಅಂಗಡಿಯವರಿಗೆ ವಿನಾಯಿತಿ. ಕಂಪನಿಗಳು ಊರು ಬಿಟ್ಟು ಓಡುತ್ತವೆ ಅಂತ ಗಲಾಟೆಯಾಯಿತು. ಊರೇನೂ ಖಾಲಿಯಾಗಲಿಲ್ಲ. ಆ ದುಡ್ಡಿನ ಬಲದ ಮೇಲೆ ಎರಡು ಹೊಸ ಟ್ರ್ಯಾಮ್ ಮಾರ್ಗ ಹಾಕಿದರು, 2015ರ ಆಗಸ್ಟ್‌ನಲ್ಲಿ ಶುರುವಾದವು. ಮುಂದೆ ನಗರಸಭೆಯ ಖಜಾನೆ ಬರಿದಾದಾಗಲೂ ಈ ತೆರಿಗೆಯನ್ನು ಬೇರೆ ಹಳ್ಳಕ್ಕೆ ಸುರಿಯುವ ಹಾಗಿರಲಿಲ್ಲ. ಸಾರಿಗೆಗೇ ಖರ್ಚು ಮಾಡಬೇಕು ಅಂತ ಕಾನೂನಿದೆ.

ಫ್ರಾನ್ಸ್ ಇದನ್ನು ತುಂಬಾ ಮೊದಲೇ ಮಾಡಿತ್ತು. 1971ರಲ್ಲಿ ಪ್ಯಾರಿಸ್ ಪ್ರದೇಶದಲ್ಲಿ, ಆಮೇಲೆ ಬೇರೆ ನಗರಗಳಲ್ಲಿ, ಕೆಲಸ ಕೊಡುವವರು ಕೊಡುವ ಒಟ್ಟು ಸಂಬಳದ ಮೇಲೆ ಸಣ್ಣದೊಂದು ಶೇಕಡಾವಾರು ಸಾರಿಗೆ ತೆರಿಗೆ. ವಾದ ಸರಳ. ಕಾರ್ಮಿಕರು ಬೆಳಿಗ್ಗೆ ಕೆಲಸಕ್ಕೆ ಬಂದು ಮುಟ್ಟಿದರೆ ಲಾಭ ಯಾರಿಗೆ? ಕೆಲಸ ಕೊಟ್ಟವರಿಗೂ ಅಲ್ವಾ? ಈ ತೆರಿಗೆ ಇದ್ದದ್ದರಿಂದಲೇ ಡಂಕರ್ಕ್ ನಗರ 2018ರ ಸೆಪ್ಟೆಂಬರ್ 1ರಿಂದ ಬಸ್ಸನ್ನು ಎಲ್ಲರಿಗೂ ಉಚಿತ ಮಾಡಲು ಸಾಧ್ಯವಾಯಿತು. ಅಲ್ಲಿ ಟಿಕೆಟ್‌ನಿಂದ ಬರುತ್ತಿದ್ದದ್ದು ಒಟ್ಟು ಖರ್ಚಿನ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಮೇಯರ್ ಪ್ಯಾಟ್ರಿಸ್ ವೆರ್ಗ್ರಿಯೆಟ್ ದೊಡ್ಡ ಕ್ರೀಡಾಂಗಣದ ಯೋಜನೆಯೊಂದನ್ನು ಕೈಬಿಟ್ಟು, ಹತ್ತನೇ ಒಂದು ಭಾಗದ ಆ ಕೊರತೆಯನ್ನು ತುಂಬಿಕೊಂಡರು. ಇದೇ ಮಂತ್ರವನ್ನು ಲಂಡನ್‌ನಲ್ಲಿ ಹೇಳಿದರೆ ನಡೆಯುವುದಿಲ್ಲ. ಅಲ್ಲಿ ಸಾರಿಗೆಯ ಬಹುಪಾಲು ಆದಾಯ ಟಿಕೆಟ್‌ನಿಂದಲೇ. 2020ರಲ್ಲಿ ಕೊರೊನಾ ಬಂದು ಜನ ಮನೆಯಲ್ಲೇ ಉಳಿದಾಗ ಕೇಂದ್ರ ಸರ್ಕಾರದ ಮುಂದೆ ಕೈ ಚಾಚಬೇಕಾಯಿತು. ಉಚಿತ ಬಸ್ಸು ಬೇಕೇ ಬೇಡವೇ ಅಂತ ಯಾರಾದರೂ ಕೇಳಿದರೆ, ಟಿಕೆಟ್‌ನಿಂದ ನೂರಕ್ಕೆ ಎಷ್ಟು ಬರುತ್ತದೆ ಅಂತ ಮೊದಲು ವಾಪಸ್ ಕೇಳಿ.

ಉಚಿತದ ಬಗ್ಗೆ ಇನ್ನೊಂದು ಉದಾಹರಣೆ ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್. 2012ರಲ್ಲಿ ಜನಮತ ಕೇಳಿ, 2013ರ ಜನವರಿ 1ರಿಂದ ನಗರದಲ್ಲಿ ಹೆಸರು ನೋಂದಾಯಿಸಿದವರಿಗೆಲ್ಲ ಉಚಿತ. ಇದರಲ್ಲೊಂದು ಜಾಣತನ ಇತ್ತು. ಅಲ್ಲಿ ಆದಾಯ ತೆರಿಗೆಯ ಒಂದು ಪಾಲು ನೀವು ಎಲ್ಲಿ ಹೆಸರು ನೋಂದಾಯಿಸಿದ್ದೀರೋ ಆ ಊರಿಗೆ ಹೋಗುತ್ತದೆ. ಟ್ಯಾಲಿನ್‌ನಲ್ಲಿ ವಾಸ ಮಾಡಿ ಬೇರೆ ಊರಲ್ಲಿ ಹೆಸರು ಇಟ್ಟುಕೊಂಡಿದ್ದವರು ಉಚಿತ ಪಾಸ್‌ಗಾಗಿ ಇಲ್ಲಿಗೆ ಬದಲಾಯಿಸಿದರು. ನಗರಕ್ಕೆ ತೆರಿಗೆ ಬಂತು. ಬಸ್ಸಿಗೆ ಜನ ಜಾಸ್ತಿಯಾದರು, ನಿಜ. ಆದರೆ ಅವರಲ್ಲಿ ಬಹಳಷ್ಟು ಮಂದಿ ಮೊದಲು ನಡೆದು ಹೋಗುತ್ತಿದ್ದವರು. ಕಾರಿನವರು ಕಾರು ಬಿಡಲಿಲ್ಲ. ಬಡವರ ಜೇಬಿಗೆ ಒಳ್ಳೆಯದು, ಅದು ದೊಡ್ಡ ವಿಷಯವೇ. ಹವಾಮಾನದ ಖಾತೆಯಲ್ಲಿ ಮಾತ್ರ ಜಮೆ ಕಮ್ಮಿ.

ಅಂದರೆ ಬಸ್ಸು ಒಳ್ಳೆಯದು ಮಾಡಿದರಷ್ಟೇ ಸಾಲದು. ಕಾರಿನ ಕಡೆಯೂ ಏನಾದರೂ ಆಗಬೇಕು. ಇಲ್ಲಿಂದ ಮಾತು ಬಿಸಿಯಾಗುತ್ತದೆ.

ಸ್ಟಾಕ್‌ಹೋಮ್‌ಗೆ ಹೋಗೋಣ. 2002ರ ಚುನಾವಣೆಗೆ ಮುಂಚೆ ಸೋಶಿಯಲ್ ಡೆಮಾಕ್ರಟ್ ನಾಯಕಿ ಅನ್ನಿಕಾ ಬಿಲ್‌ಸ್ಟ್ರಾಮ್, ನಗರದೊಳಗೆ ಬರುವ ಕಾರಿಗೆ ಶುಲ್ಕ ಹಾಕುವುದಿಲ್ಲ ಅಂತ ಮಾತು ಕೊಟ್ಟಿದ್ದರು. ಚುನಾವಣೆ ಗೆದ್ದರು. ಗ್ರೀನ್ ಪಕ್ಷದ ಬೆಂಬಲ ಬೇಕಾಯಿತು. ಶುಲ್ಕ ಹಾಕದಿದ್ದರೆ ಬೆಂಬಲ ಇಲ್ಲ ಅಂದರು. ಮಾತು ಮುರಿಯಿತು. ಜನ ಕೋಪಗೊಂಡರು, ಕೋಪಗೊಳ್ಳಬೇಕಾದದ್ದೇ.

ಆದರೆ ಆಮೇಲೆ ಕೆಲಸ ಮಾಡಿದ ಕ್ರಮ ಗಮನಿಸಿ. 2005ರ ಆಗಸ್ಟ್‌ನಲ್ಲಿ ಮೊದಲು ಬಸ್ಸು ಬಂತು. ಹದಿನಾರು ಹೊಸ ಮಾರ್ಗ, ಹತ್ತಿರ ಹತ್ತಿರ ಇನ್ನೂರು ಹೊಸ ಬಸ್ಸು. ಶುಲ್ಕ ಬಂದದ್ದು ನಾಲ್ಕು ತಿಂಗಳ ನಂತರ, 2006ರ ಜನವರಿ 3ಕ್ಕೆ. ಗಡಿ ದಾಟಿದರೆ ಹೊತ್ತು ನೋಡಿ 10, 15 ಅಥವಾ 20 ಕ್ರೋನಾ, ದಿನಕ್ಕೆ 60ಕ್ಕಿಂತ ಜಾಸ್ತಿ ಇಲ್ಲ. ಜುಲೈ 31ಕ್ಕೆ ಪ್ರಯೋಗ ಮುಗಿಯುತ್ತದೆ ಅಂತ ಮೊದಲೇ ಹೇಳಿದ್ದರು. ಗಡಿ ದಾಟುವ ವಾಹನ ಸುಮಾರು ಐದರಲ್ಲಿ ಒಂದು ಭಾಗ ಇಳಿಯಿತು. ಕಾರಿನವರು ಸಿಗ್ನಲ್‌ನಲ್ಲಿ ಕಾಯುವುದು ಕಮ್ಮಿಯಾದದ್ದು ಕಾರಿನವರಿಗೇ ಕಾಣಿಸಿತು. ಆಗಸ್ಟ್ 1ಕ್ಕೆ ಶುಲ್ಕ ನಿಂತಿತು, ಕಾರುಗಳು ಮತ್ತೆ ತುಂಬಿದವು. ಇದಕ್ಕಿಂತ ಚೆನ್ನಾಗಿ ಯಾವ ತಜ್ಞರೂ ವಿವರಿಸಲಾರರು. ಸೆಪ್ಟೆಂಬರ್ 17ಕ್ಕೆ ಜನಮತ ಕೇಳಿದಾಗ ನಗರದ ಜನ ಕೂದಲೆಳೆಯ ಬಹುಮತದಿಂದ ಶುಲ್ಕ ಇರಲಿ ಅಂದರು. ಪ್ರಯೋಗಕ್ಕೆ ಮುಂಚೆ ಇದೇ ಊರಲ್ಲಿ ಹೆಚ್ಚಿನವರು ವಿರುದ್ಧ ಇದ್ದರು.

ಅದೇ ದಿನ ನಡೆದ ನಗರದ ಚುನಾವಣೆಯಲ್ಲಿ ಬಿಲ್‌ಸ್ಟ್ರಾಮ್ ಅಧಿಕಾರ ಕಳೆದುಕೊಂಡರು. ಜನ ಶುಲ್ಕವನ್ನು ಉಳಿಸಿಕೊಂಡರು, ಶುಲ್ಕ ತಂದವರನ್ನು ಮನೆಗೆ ಕಳಿಸಿದರು. ಇದು ಅನ್ಯಾಯ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಯೋಜನೆ ಒಳ್ಳೆಯದಿದ್ದರೂ ಕೊಟ್ಟ ಮಾತು ಮುರಿದದ್ದಕ್ಕೆ ಲೆಕ್ಕ ಕೇಳುವ ಹಕ್ಕು ಮತದಾರರಿಗೆ ಇದೆ. ಗೆದ್ದು ಬಂದ ಬಲಪಂಥೀಯರು ಶುಲ್ಕವನ್ನು ತೆಗೆಯಲಿಲ್ಲ. 2007ರ ಆಗಸ್ಟ್ 1ರಿಂದ ಅದು ಶಾಶ್ವತ. ಆದರೆ ಬಂದ ದುಡ್ಡನ್ನು ರಸ್ತೆ ಕಟ್ಟಲು ತಿರುಗಿಸಿದರು! ನಗರಸಭೆ ಯಾಕೆ ತಡೆಯಲಿಲ್ಲ? ತಡೆಯಲು ಆ ದುಡ್ಡು ಅದರದ್ದಾಗಿರಲಿಲ್ಲ. ಸ್ವೀಡನ್ನಿನ ಕಾನೂನು ಪ್ರಕಾರ ನಗರಸಭೆ ತನ್ನ ನಿವಾಸಿಗಳ ಮೇಲೆ ಮಾತ್ರ ತೆರಿಗೆ ಹಾಕಬಹುದು. ಹೊರಗಿನಿಂದ ಬರುವವರ ಮೇಲೂ ಹಾಕಬೇಕಾದ್ದರಿಂದ ಅದು ಕೇಂದ್ರದ ತೆರಿಗೆಯಾಯಿತು. ಚಾವಿ ಅಲ್ಲಿಗೆ ಹೋಯಿತು.

ಇನ್ನೊಂದು ವಿಷಯ, ಬಸ್ಸಿನ ಪರವಾಗಿ ಮಾತಾಡುವ ನನ್ನಂಥವರಿಗೆ ಸ್ವಲ್ಪ ನುಂಗಲು ಕಷ್ಟ. 2005ರ ಕೊನೆಯ ಆ ನಾಲ್ಕು ತಿಂಗಳು ಹೊಸ ಬಸ್ಸು ಇತ್ತು, ಶುಲ್ಕ ಇರಲಿಲ್ಲ. ಆಗ ಕಾರು ಹೇಳಿಕೊಳ್ಳುವಷ್ಟು ಕಮ್ಮಿಯಾಗಲೇ ಇಲ್ಲ. ಕಾರು ಇಳಿಸಿದ್ದು ಶುಲ್ಕವೇ. ಹಾಗಾದರೆ ಬಸ್ಸು ಮಾಡಿದ್ದೇನು? ಕಾರು ಬಿಟ್ಟರೆ ಬೇರೆ ದಾರಿ ಇದೆ ಅಂತ ಕಣ್ಣೆದುರು ತೋರಿಸಿತು. ಅದು ಇಲ್ಲದಿದ್ದರೆ ಆ ಕೂದಲೆಳೆಯ ಬಹುಮತ ಬರುತ್ತಿರಲಿಲ್ಲ ಅನ್ನುವುದು ನನ್ನ ಅಂದಾಜು.

ಯಾಕೆ ಹಾಗೆ ಹೇಳುತ್ತೇನೆ ಅಂದರೆ ಎಡಿನ್‌ಬರೋ ಮತ್ತು ಮ್ಯಾಂಚೆಸ್ಟರ್ ಇವೆ. ಎಡಿನ್‌ಬರೋ 2005ರ ಫೆಬ್ರುವರಿಯಲ್ಲಿ ಅಂಚೆ ಮೂಲಕ ಮತ ಕೇಳಿತು. ದಿನಕ್ಕೆ 2 ಪೌಂಡ್ ಶುಲ್ಕ. ನೂರಕ್ಕೆ 74 ಮಂದಿ ಬೇಡ ಅಂದರು. ಮ್ಯಾಂಚೆಸ್ಟರ್ ಪ್ರದೇಶ 2008ರ ಡಿಸೆಂಬರ್‌ನಲ್ಲಿ ಕೇಳಿತು. ಕೇಂದ್ರದಿಂದ 150 ಕೋಟಿ ಪೌಂಡ್ ಅನುದಾನ ಸಿಗುವುದಿತ್ತು, ಜೊತೆಗೆ ಸಾಲ. ಸುಧಾರಣೆಯ ಬಹುಪಾಲು ಮುಗಿದ ಮೇಲೆಯೇ, 2013ರಲ್ಲಿ, ಶುಲ್ಕ ಶುರು ಅಂತ ಭರವಸೆ ಇತ್ತು. ಸ್ಟಾಕ್‌ಹೋಮ್‌ನಂತೆಯೇ ಮೊದಲು ಬಸ್ಸು, ಆಮೇಲೆ ಶುಲ್ಕ. ಆದರೂ ಹತ್ತಕ್ಕೆ ಹತ್ತೂ ಪಟ್ಟಣಗಳಲ್ಲಿ ಸೋತಿತು, ಒಟ್ಟು 79 ಶೇಕಡಾ ವಿರುದ್ಧ. ವ್ಯತ್ಯಾಸ ಇಷ್ಟೇ. ಸ್ಟಾಕ್‌ಹೋಮ್‌ನವರು ಏಳು ತಿಂಗಳು ಅನುಭವಿಸಿ ಮತ ಹಾಕಿದರು. ಮ್ಯಾಂಚೆಸ್ಟರ್‌ನವರಿಗೆ ಕಾಣುತ್ತಿದ್ದದ್ದು ಶುಲ್ಕ ಮಾತ್ರ, ಬಸ್ಸು ಇನ್ನೂ ಕಾಗದದ ಮೇಲಿತ್ತು. ಕಾಗದದ ಬಸ್ಸನ್ನು ಯಾರು ನಂಬುತ್ತಾರೆ?

ಹಾಗಾದರೆ ಕೇಳದೆಯೇ ಮಾಡಿಬಿಡಬೇಕೇ? ಲಂಡನ್‌ನ ದಾರಿ ಇದಕ್ಕಿಂತ ಮರ್ಯಾದಸ್ಥ. ಕೆನ್ ಲಿವಿಂಗ್‌ಸ್ಟನ್ 2000ದ ಮೇಯರ್ ಚುನಾವಣೆಗೆ ನಿಂತಾಗಲೇ ಶುಲ್ಕ ತರುತ್ತೇನೆ ಅಂತ ಹೇಳಿ ಗೆದ್ದರು. 2003ರ ಫೆಬ್ರುವರಿ 17ಕ್ಕೆ 5 ಪೌಂಡ್ ಶುಲ್ಕ ಬಂತು, ಅದರ ಜೊತೆಗೆ ಸುಮಾರು 300 ಹೆಚ್ಚುವರಿ ಬಸ್ಸು ಬಂದವು. ನಿವ್ವಳ ಆದಾಯ ಕನಿಷ್ಠ ಹತ್ತು ವರ್ಷ ಸಾರಿಗೆಗೇ ಹೋಗಬೇಕು ಅಂತ 1999ರ ಕಾನೂನಿನಲ್ಲೇ ಬರೆದಿದ್ದರು. 2004ರಲ್ಲಿ ಅವರು ಮತ್ತೆ ಗೆದ್ದರು.

ಈ ‘ಕಾನೂನಿನಲ್ಲೇ ಬರೆದಿದ್ದರು’ ಅನ್ನುವುದು ಸಣ್ಣ ವಿಷಯ ಅಲ್ಲ. ಲಂಡನ್‌ನದೇ ಭಾಗವಾದ ಬಾರ್ನೆಟ್ ಕೌನ್ಸಿಲ್ 2011ರಲ್ಲಿ ನಿವಾಸಿಗಳು ತಮ್ಮ ಬೀದಿಯಲ್ಲಿ ಕಾರು ನಿಲ್ಲಿಸುವ ಪರವಾನಗಿಯನ್ನು 40 ಪೌಂಡ್‌ನಿಂದ 100ಕ್ಕೆ ಏರಿಸಿತು. ಮನೆಗೆ ಬರುವ ಅತಿಥಿಗಳ ಚೀಟಿ 1 ಪೌಂಡ್‌ನಿಂದ 4ಕ್ಕೆ ಹೋಯಿತು. ಉದ್ದೇಶ, ರಸ್ತೆ ಮತ್ತು ಸಾರಿಗೆಯ ಬೇರೆ ಖರ್ಚು ತೂಗಿಸುವುದು. ಜನ ಕೋರ್ಟಿಗೆ ಹೋದರು. 2013ರಲ್ಲಿ ಹೈಕೋರ್ಟ್ ಇದು ಕಾನೂನುಬಾಹಿರ ಅಂದಿತು. ಪಾರ್ಕಿಂಗ್ ಶುಲ್ಕ ಇರುವುದು ಪಾರ್ಕಿಂಗ್ ನಿಭಾಯಿಸಲು, ದುಡ್ಡು ಎತ್ತಲು ಅಲ್ಲ ಅನ್ನುವುದು ತೀರ್ಪಿನ ಸಾರ. ಹವಾಮಾನದ ಹೆಸರಲ್ಲಿ ಪಾರ್ಕಿಂಗ್ ದರ ಏರಿಸುವ ಯಾವ ಸದಸ್ಯರೂ ಮೊದಲು ತಮ್ಮ ಕಾನೂನು ಅಧಿಕಾರಿಯ ಕೋಣೆಗೆ ಹೋಗಿ ಬರುವುದು ಕ್ಷೇಮ.

ಮೇಲಿನ ಸರ್ಕಾರದ ಮರ್ಜಿ ಅನ್ನುವುದು ಎಷ್ಟು ದೊಡ್ಡದು ಅನ್ನುವುದಕ್ಕೆ ನ್ಯೂಯಾರ್ಕ್ ನೋಡಿ. ನಗರದೊಳಗೆ ಬರುವ ಕಾರಿನ ಶುಲ್ಕಕ್ಕೆ ರಾಜ್ಯದ ಕಾನೂನು ಬಂದದ್ದು 2019ರಲ್ಲಿ. ಕ್ಯಾಮೆರಾ ಹಾಕಿ, ಎಲ್ಲ ಸಿದ್ಧ ಮಾಡಿ, ಇನ್ನು ಕೆಲವೇ ವಾರ ಅನ್ನುವಾಗ, 2024ರ ಜೂನ್‌ನಲ್ಲಿ ಗವರ್ನರ್ ಕ್ಯಾಥಿ ಹೋಕಲ್ ತಡೆ ಹಾಕಿದರು. ಕೊನೆಗೆ 15 ಡಾಲರ್ ಬದಲು 9 ಡಾಲರ್ ಆಗಿ 2025ರ ಜನವರಿ 5ಕ್ಕೆ ಶುರುವಾಯಿತು.

ಬಡವರ ಮಾತಿಗೆ ಬರೋಣ. ಲಾಸ್ ಏಂಜಲಿಸ್ ಕೌಂಟಿಯಲ್ಲಿ ಸಾರಿಗೆಗೆ ಅಂತ ಮಾರಾಟ ತೆರಿಗೆಗೆ ಅರ್ಧ ಸೆಂಟ್ ಸೇರಿಸಲು 2008ರಲ್ಲಿ ಮತ ಕೇಳಿದರು. ಮೂರನೇ ಎರಡು ಭಾಗ ಮತ ಬೇಕಿತ್ತು, ಬಂತು. ಯಾವ ಮಾರ್ಗ, ಯಾವಾಗ ಅನ್ನುವ ಪಟ್ಟಿಯನ್ನು ಜನರ ಮುಂದೆ ಇಟ್ಟಿದ್ದರು. ಅದರ ಅವಧಿ ಮುಂದುವರಿಸಲು 2012ರಲ್ಲಿ ಕೇಳಿದಾಗ 66 ಶೇಕಡಾ ಬಂದರೂ ಚೂರೇ ಚೂರಿನಲ್ಲಿ ಸೋತರು. 2016ರಲ್ಲಿ ಇನ್ನೂ ದೊಡ್ಡ ಪಟ್ಟಿ ಇಟ್ಟು ಮತ್ತೆ ಗೆದ್ದರು. ಚಂದ ಇದೆ. ಆದರೆ ಮಾರಾಟ ತೆರಿಗೆ ಬಡವರಿಗೇ ಜಾಸ್ತಿ ಹೊರೆ, ಅವರ ಸಂಬಳವೆಲ್ಲ ಕೊಳ್ಳುವುದಕ್ಕೇ ಹೋಗುತ್ತದೆ. ಕಾರಿನ ಶುಲ್ಕವೂ ಹಾಗೇ, ನಗರದ ಅಂಚಿನಲ್ಲಿ ಹಳೇ ಕಾರು ಇಟ್ಟುಕೊಂಡು ರಾತ್ರಿ ಪಾಳಿಗೆ ಹೋಗುವ ದಾದಿಗೆ ಅದು ಗಾಯದ ಮೇಲೆ ಬರೆ.

ಲಂಡನ್ ಇದರಲ್ಲಿ ಎಡವಿತು. ಹೊಗೆ ಜಾಸ್ತಿ ಬಿಡುವ ಹಳೇ ವಾಹನಕ್ಕೆ ದಿನಕ್ಕೆ 12.50 ಪೌಂಡ್ ಅನ್ನುವ ನಿಯಮವನ್ನು 2023ರ ಆಗಸ್ಟ್ 29ರಿಂದ ಇಡೀ ಮಹಾನಗರಕ್ಕೆ ವಿಸ್ತರಿಸಿದರು. ಇದು ಮುಖ್ಯವಾಗಿ ಉಸಿರಾಡುವ ಗಾಳಿಯ ವಿಷಯ, ಇಂಗಾಲದ್ದಲ್ಲ, ಆದರೂ ಜಗಳ ಒಂದೇ. ಹಳೇ ಕಾರು ಗುಜರಿಗೆ ಹಾಕಲು ಕೊಡುವ ನೆರವು ಮೊದಲು ಕೆಲವು ವರ್ಗದವರಿಗೆ ಮಾತ್ರ ಇತ್ತು. ವಿಸ್ತರಣೆಗೆ ಮುಂಚೆ, ಜುಲೈನಲ್ಲಿ, ಲಂಡನ್ ಅಂಚಿನ ಅಕ್ಸ್‌ಬ್ರಿಜ್ ಕ್ಷೇತ್ರದ ಉಪಚುನಾವಣೆಯನ್ನು ಮೇಯರ್ ಸಾದಿಕ್ ಖಾನ್ ಅವರ ಲೇಬರ್ ಪಕ್ಷ 495 ಮತಗಳಿಂದ ಸೋತಿತು. ಎಲ್ಲರೂ ಈ ಶುಲ್ಕವನ್ನೇ ಬೊಟ್ಟು ಮಾಡಿದರು. ಆಮೇಲೆ ಆಗಸ್ಟ್‌ನಲ್ಲಿ, ನಿಯಮಕ್ಕೆ ಹೊಂದದ ಕಾರು ಇರುವ ಎಲ್ಲ ಲಂಡನ್ ನಿವಾಸಿಗಳಿಗೂ ನೆರವು ತೆರೆದರು. ಅದನ್ನೇ ಆರು ತಿಂಗಳು ಮೊದಲು ಮಾಡಿದ್ದರೆ? ದುಡ್ಡು ಹೇಗೂ ಕೊಟ್ಟರು. ಕೊಟ್ಟ ಹೊತ್ತು ತಪ್ಪಿತು. ನಾರ್ವೆಯ ಬರ್ಗನ್‌ನಲ್ಲಿ 2019ರ ಸ್ಥಳೀಯ ಚುನಾವಣೆಯಲ್ಲಿ ‘ಇನ್ನು ಟೋಲ್ ಬೇಡ’ ಅನ್ನುವುದನ್ನೇ ಹೆಸರಾಗಿಟ್ಟುಕೊಂಡ ಪಕ್ಷ ಸುಮಾರು ಆರನೇ ಒಂದು ಭಾಗ ಮತ ಪಡೆದಿತ್ತು. ಇಂಥವರನ್ನು ಪರಿಸರ ವಿರೋಧಿಗಳು ಅಂತ ಬೈದು ಕೂರುವುದು ಸೋಮಾರಿತನ. ಅವರಲ್ಲಿ ಬಹಳ ಜನಕ್ಕೆ ಬಸ್ಸು ಇರಲಿಲ್ಲ, ಬಿಲ್ಲು ಮಾತ್ರ ಇತ್ತು.

ನಾರ್ವೆಯ ರಾಜಧಾನಿ ಓಸ್ಲೋದಿಂದ ಕಲಿಯಬಹುದಾದ ಒಂದು ಕೆಲಸ ಇದೆ. 2017ರ ಬಜೆಟ್‌ನಿಂದ ಅವರು ‘ಹವಾಮಾನ ಬಜೆಟ್’ ಶುರು ಮಾಡಿದರು. ಹಣದ ಬಜೆಟ್ ಇರುವ ಅದೇ ದಾಖಲೆಯಲ್ಲಿ ಇಂಗಾಲದ ಕೋಷ್ಟಕವೂ ಇರುತ್ತದೆ. ಒಂದೊಂದು ಸಾಲಿನಲ್ಲಿ ಒಂದೊಂದು ಕ್ರಮ. ಟೋಲ್ ಬದಲಾವಣೆ, ಬಸ್ಸು, ಕಟ್ಟಡ ಕಾಮಗಾರಿಯ ಯಂತ್ರಗಳು, ಹೀಗೆ. ಎದುರಿಗೆ ಎಷ್ಟು ಟನ್ ಇಳಿಯಬಹುದು, ಯಾವ ಇಲಾಖೆ ಜವಾಬ್ದಾರಿ. ಅದನ್ನು ಮಂಡಿಸುವುದು ಹಣಕಾಸು ನೋಡುವವರು. ಪರಿಸರ ವಿಭಾಗದ ಮೂಲೆಯ ಕೋಣೆಯಲ್ಲಿ ಕೂತವರಲ್ಲ. ಒಬ್ಬ ಸದಸ್ಯರು ಎದ್ದು, ‘ಟೋಲ್ ಏರಿಕೆ ಬೇಡ’ ಅಂದರೆ, ‘ಸರಿ, ಇಷ್ಟು ಟನ್ ಖೋತಾ ಆಯಿತು, ಎಲ್ಲಿಂದ ತುಂಬುತ್ತೀರಿ?’ ಅಂತ ಕೇಳಬಹುದು. ಹಣದ ವಿಷಯದಲ್ಲಿ ಕೇಳುವ ಹಾಗೇ. ಠರಾವಿನಲ್ಲಿ ಈ ಪ್ರಶ್ನೆ ಕೇಳಲು ಜಾಗವೇ ಇಲ್ಲ.

ಕೊನೆಯದಾಗಿ ಒಂದು ತೊಡಕು, ಇನ್ನೂ ಬಗೆಹರಿಯದ್ದು. ಕಾರು ಕಮ್ಮಿಯಾಗಲಿ, ಹೊಗೆ ಕಮ್ಮಿಯಾಗಲಿ ಅಂತ ಹಾಕಿದ ಶುಲ್ಕ ಯಶಸ್ವಿಯಾದರೆ ಏನಾಗುತ್ತದೆ? ಆದಾಯ ಇಳಿಯುತ್ತದೆ. ಆ ಆದಾಯದ ಮೇಲೆ ಬಸ್ಸು ನಿಂತಿದ್ದರೆ ಬಸ್ಸಿಗೆ ಕುತ್ತು. ಓಸ್ಲೋದಲ್ಲಿ ಎಲೆಕ್ಟ್ರಿಕ್ ಕಾರಿಗೆ ಟೋಲ್ ಇರಲಿಲ್ಲ. ಜನ ಮುಗಿಬಿದ್ದು ಕೊಂಡರು. 2019ರಲ್ಲಿ ಅವರಿಂದಲೂ ವಸೂಲಿ ಶುರುವಾಯಿತು. ಲಂಡನ್‌ನಲ್ಲಿ ಎಲೆಕ್ಟ್ರಿಕ್ ಕಾರುಗಳಿಗಿದ್ದ ಪೂರ್ತಿ ರಿಯಾಯಿತಿ 2025ರ ಡಿಸೆಂಬರ್‌ಗೆ ಮುಗಿಯಿತು. ನಿನ್ನೆ ‘ಕೊಳ್ಳಿ ಕೊಳ್ಳಿ’ ಅಂದವರೇ ಇವತ್ತು ಬಿಲ್ಲು ಕಳಿಸುತ್ತಿದ್ದಾರೆ ಅಂತ ಕೊಂಡವರು ಗೊಣಗುತ್ತಾರೆ. ಅವರ ಗೊಣಗಾಟದಲ್ಲಿ ನ್ಯಾಯ ಇದೆ. ಆದರೆ ಎಲೆಕ್ಟ್ರಿಕ್ ಕಾರೂ ರಸ್ತೆಯಲ್ಲಿ ಅಷ್ಟೇ ಜಾಗ ಹಿಡಿಯುತ್ತದೆ, ಬಸ್ಸನ್ನು ಅಷ್ಟೇ ಕಾಯಿಸುತ್ತದೆ, ಇದೂ ನಿಜ. ರಿಯಾಯಿತಿ ಎಷ್ಟು ವರ್ಷ, ಯಾವಾಗ ಮುಗಿಯುತ್ತದೆ ಅಂತ ಕೊಡುವ ದಿನವೇ ಬರೆದು ಕೊಟ್ಟರೆ ಅರ್ಧ ಜಗಳ ತಪ್ಪುತ್ತದೆ. ಉಳಿದರ್ಧಕ್ಕೆ ನನ್ನಲ್ಲಿರುವ ಉತ್ತರ ಇಷ್ಟೇ. ಬಸ್ಸಿನ ಸಂಬಳದ ಖರ್ಚನ್ನು ಇಳಿಯಲೇಬೇಕಾದ ಶುಲ್ಕದ ಮೇಲೆ ನಿಲ್ಲಿಸಬೇಡಿ. ಅದಕ್ಕೆ ಫ್ರಾನ್ಸಿನ ಹಾಗೆ ಸಂಬಳದ ಮೇಲಿನ ತೆರಿಗೆಯೋ, ಸರಿಯಾಗಿ ಮರುಲೆಕ್ಕ ಹಾಕಿದ ಆಸ್ತಿ ತೆರಿಗೆಯೋ ಆಧಾರ ಇರಲಿ. ಕಾರಿನ ಶುಲ್ಕದಿಂದ ಬಂದದ್ದನ್ನು ಬಸ್ ಪಥ, ಪಾದಚಾರಿ ದಾರಿ, ಗುಜರಿ ನೆರವು, ಹೀಗೆ ಒಂದು ಸಲದ ಕೆಲಸಕ್ಕೆ ಹಾಕಿ.

ಇದನ್ನು ಒಪ್ಪದವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಮುಖದಲ್ಲೇ ಕಾಣುತ್ತಿದೆ. ಮೈಕು ಮೊದಲು ಅವರಿಗೇ ಕೊಡಿ.